ಮಗಳಿಗೊಂದು ಪತ್ರ: ಸ್ವಿಚ್ ಆರಿಸಿದ ಮೇಲೂ ತಿರುಗುವ ಫ್ಯಾನು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ತಲೆಯಲ್ಲೇ ಉಳಿದಿದೆ. "ಫ್ಯಾನ್ ಆರಿಸಿದ ತಕ್ಷಣ ಸ್ಪೀಡು ಸರ್ರನೆ ಇಳಿಯುತ್ತೆ, ಆಮೇಲೆ ಪೂರ್ತಿ ನಿಲ್ಲೋಕೆ ಯಾಕಪ್ಪ ಅಷ್ಟು ಹೊತ್ತು?" ಅಂದೆಯಲ್ಲ, ಅದು. ಪುಸ್ತಕದಲ್ಲಿ 'ಘರ್ಷಣೆಯಿಂದ ನಿಲ್ಲುತ್ತದೆ' ಎಂದು ಒಂದೇ ಸಾಲಿನಲ್ಲಿ ಮುಗಿಸಿರುತ್ತಾರೆ. ತಪ್ಪೇನಲ್ಲ. ಆದರೆ ಫ್ಯಾನನ್ನು ತಡೆಯೋದು ಒಂದಲ್ಲ, ಎರಡು: ಸುತ್ತಲಿನ ಗಾಳಿ ಮತ್ತು ಒಳಗಿನ ಬೇರಿಂಗು (ಸಲೀಸಾಗಿ ತಿರುಗಲೆಂದು ಹಾಕಿದ ಗುಂಡುಗಳ ಉಂಗುರ). ಇವೆರಡರ ರೀತಿಯೇ ಬೇರೆ. ನಿನ್ನ ಪ್ರಶ್ನೆಗೆ ಉತ್ತರ ಇರೋದು ಆ ವ್ಯತ್ಯಾಸದಲ್ಲೇ.

ಮೊದಲು ಗಾಳಿ. ಮನೆಯ 1200 ಮಿ.ಮೀ. ಅಡ್ಡಳತೆಯ ಫ್ಯಾನು ಪೂರ್ತಿ ಸ್ಪೀಡಿನಲ್ಲಿ ನಿಮಿಷಕ್ಕೆ ಸುಮಾರು 350 ಸುತ್ತು ಹಾಕುತ್ತದೆ. ಲೆಕ್ಕ ಹಾಕಿ ನೋಡು, ರೆಕ್ಕೆಯ ತುದಿ ಗಂಟೆಗೆ ಹತ್ತಿರ ಹತ್ತಿರ 80 ಕಿ.ಮೀ. ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ. ವೇಗ ಅರ್ಧಕ್ಕೆ ಇಳಿದರೆ ತಡೆ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಮೊದಮೊದಲು ಗಾಳಿ ಫ್ಯಾನನ್ನು ಜೋರಾಗಿ ಹಿಡಿಯುತ್ತದೆ, ಬರಬರುತ್ತಾ ಹಿಡಿತ ಸಡಿಲವಾಗುತ್ತದೆ. ವೇಗ ಅರ್ಧವಾಗಲು ಐದು ಸೆಕೆಂಡ್ ಬೇಕಾಯಿತು ಅಂದುಕೋ. ಇನ್ನೈದು ಸೆಕೆಂಡಿಗೆ ಅದು ಮೂರನೇ ಒಂದಾಗುತ್ತದೆ, ಮತ್ತೈದಕ್ಕೆ ನಾಲ್ಕನೇ ಒಂದು, ಆಮೇಲೆ ಐದನೇ ಒಂದು. ಹೀಗೇ ಸಣ್ಣದಾಗುತ್ತಾ ಹೋಗುತ್ತದೆಯೇ ಹೊರತು ಸೊನ್ನೆ ಮಾತ್ರ ಬರುವುದಿಲ್ಲ. ಗಾಳಿಯೊಂದೇ ಇದ್ದಿದ್ದರೆ ಫ್ಯಾನು ನಿಧಾನವಾಗುತ್ತಲೇ ಇರುತ್ತಿತ್ತು, ಎಂದಿಗೂ ನಿಲ್ಲುತ್ತಿರಲಿಲ್ಲ! ಇದನ್ನು ಮೊದಲ ಸಲ ಕಾಗದದ ಮೇಲೆ ಬಿಡಿಸಿ ನೋಡಿದಾಗ ನನಗೆ ಆದ ಸಂತೋಷ ಇವತ್ತಿಗೂ ಕಡಿಮೆಯಾಗಿಲ್ಲ.

ಕೊನೆಗೆ ನಿಲ್ಲಿಸುವುದು ಬೇರಿಂಗು. ಒಂದು ಮೇಲ್ಮೈ ಇನ್ನೊಂದರ ಮೇಲೆ ಉಜ್ಜುವಾಗಿನ ತಡೆ ಒತ್ತುವ ಭಾರಕ್ಕೆ ತಕ್ಕಂತಿರುತ್ತದೆ ಎಂದು ಫ್ರಾನ್ಸಿನ ಅಮೊಂಟನ್ 1699ರಲ್ಲೇ ಹೇಳಿದ. ಆ ತಡೆ ವೇಗದ ಮೇಲೆ ಅಷ್ಟಾಗಿ ಅವಲಂಬಿಸಿಲ್ಲ ಎಂದು ಆಮೇಲೆ ತೋರಿಸಿದ್ದು ಕೂಲಂಬ್. ಹೌದು, ನೀನು ವಿದ್ಯುದಾವೇಶದ ಪಾಠದಲ್ಲಿ ಓದುವ ಅದೇ ಕೂಲಂಬ್. ಫ್ಯಾನು ನಿಮಿಷಕ್ಕೆ ಮೂರೇ ಸುತ್ತಿಗೆ ಇಳಿದರೂ ಈ ತಡೆ ಬಿಡುವುದಿಲ್ಲ. ಆದರೆ ಅದರ ಬಲ ತೀರಾ ಕಡಿಮೆ, ಅದಕ್ಕೇ ಅಷ್ಟು ಹೊತ್ತು. ಯಾಕೆ ಕಡಿಮೆ? ತಿರುಗುವುದರ ಮೇಲೆ ಬಲದ ಪರಿಣಾಮ, ಅಂದರೆ ಟಾರ್ಕ್, ಬಲ ಗುಣಿಸು ಅಕ್ಷದಿಂದ ಇರುವ ದೂರ. ಗಾಳಿ ರೆಕ್ಕೆಯ ಉದ್ದಕ್ಕೂ, ಅರ್ಧ ಮೀಟರ್ ಆಚೆಯವರೆಗೆ ಕೂತು ತಡೆಯುತ್ತದೆ. ಫ್ಯಾನುಗಳಲ್ಲಿ ಹಾಕುವ 6202 ಬೇರಿಂಗಿನ ಒಳರಂಧ್ರ 15 ಮಿ.ಮೀ. ಅಷ್ಟೆ, ಅದರ ಗುಂಡುಗಳು ಉರುಳುವುದು ಅಕ್ಷಕ್ಕೆ ಅಂಟಿಕೊಂಡ ಹಾಗೆ. ಸಾಲದ್ದಕ್ಕೆ ಗುಂಡು ಉರುಳುತ್ತದೆ, ಉಜ್ಜುವುದಿಲ್ಲ, ಘರ್ಷಣಾಂಕ (ಒತ್ತುವ ಭಾರದಲ್ಲಿ ತಡೆಯ ಪಾಲು) 0.0015ರ ಆಸುಪಾಸು.

ನಮ್ಮ ಐಟಿಐ ಹುಡುಗರಿಗೆ ನಾನು ಎರಡು ಬೇರಿಂಗ್ ಕೊಟ್ಟು ಒಳರಿಂಗನ್ನು ಬೆರಳಿಗೆ ಸಿಕ್ಕಿಸಿಕೊಂಡು ಹೊರರಿಂಗು ತಿರುಗಿಸಿ ನೋಡಿ ಅನ್ನುತ್ತೇನೆ. ಒಂದು ಹೊಸದು, ಒಳಗೆ ಗ್ರೀಸ್ ತುಂಬಿದ್ದು. ಮೆತ್ತಗೆ ಒಂದೆರಡು ಸುತ್ತು ಹಾಕಿ ನಿಂತುಬಿಡುತ್ತದೆ. ಇನ್ನೊಂದು ಗ್ರೀಸ್ ಒಣಗಿದ್ದು; ಕರಕರ ಅನ್ನುತ್ತಾ ಎಷ್ಟೋ ಹೊತ್ತು ತಿರುಗುತ್ತದೆ. ಯಾವುದು ಒಳ್ಳೆಯದು ಅಂದರೆ ಎಲ್ಲರೂ ಎರಡನೆಯದನ್ನೇ ತೋರಿಸುತ್ತಾರೆ. ಭಾರವಿಲ್ಲದೆ ಬೆರಳ ಮೇಲೆ ತಿರುಗುವಾಗ ಜಿಗುಟು ಗ್ರೀಸಿನದ್ದೇ ದೊಡ್ಡ ತಡೆ, ನಿಜ. ಆದರೆ ಆ ಕರಕರ ಇದೆಯಲ್ಲ, ಅದು ಉಕ್ಕು ಉಕ್ಕನ್ನು ತಿನ್ನುವ ಸದ್ದು. ಗ್ರೀಸು ಸ್ವಲ್ಪ ವೇಗ ಕಸಿದುಕೊಂಡು ಬೇರಿಂಗನ್ನು ಉಳಿಸುತ್ತದೆ.

ಕಳೆದುಹೋದ ಶಕ್ತಿ ಗಾಳಿಗೂ ಗ್ರೀಸಿಗೂ ಶಾಖವಾಗಿ ಸೇರುತ್ತದೆ. ಬಹಳವೇನಿಲ್ಲ, ಒಂದು ಲೋಟ ನೀರನ್ನು 1 ಡಿಗ್ರಿ ಬಿಸಿ ಮಾಡಲೂ ಸಾಲದು.

ಇನ್ನೊಂದು ಮಾತು. ಸುತ್ತ ಗಾಳಿಯೂ ಇಲ್ಲ, ಬೇರಿಂಗೂ ಇಲ್ಲ ಅಂದರೆ ತಿರುಗುವ ವಸ್ತು ನಿಧಾನವಾಗಲೇಬಾರದಲ್ಲ? ಭೂಮಿ ಅಂಥದ್ದೇ, ಆದರೂ ನಿಧಾನವಾಗುತ್ತಿದೆ. ಚಂದ್ರನ ಸೆಳೆತಕ್ಕೆ ಉಬ್ಬಿದ ಕಡಲನ್ನು ತಿರುಗುವ ಭೂಮಿ ತುಸು ಮುಂದಕ್ಕೆ ಎಳೆದೊಯ್ಯುತ್ತದೆ. ನೀರು ಕಡಲತಳಕ್ಕೆ ಉಜ್ಜುತ್ತದೆ. ಮುಂದೆ ಹೋದ ಆ ಉಬ್ಬನ್ನು ಚಂದ್ರ ಹಿಂದಕ್ಕೆ ಜಗ್ಗುತ್ತಾನೆ. ನೂರು ವರ್ಷಕ್ಕೆ ದಿನ ಸುಮಾರು 2 ಮಿಲಿಸೆಕೆಂಡ್ ಉದ್ದವಾಗುತ್ತದೆ. ಭೂಮಿ ಕಳೆದುಕೊಂಡ ಕೋನೀಯ ಸಂವೇಗ (ತಿರುಗುವಿಕೆಯ ರಭಸ) ಚಂದ್ರನಿಗೆ ಸಿಗುತ್ತದೆ, ಅದರಿಂದ ಅವನು ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ. ಅಪೊಲೊ 11ರವರು 1969ರಲ್ಲಿ ಅಲ್ಲಿಟ್ಟು ಬಂದಂಥ ಪ್ರತಿಫಲಕಗಳಿಗೆ ಲೇಸರ್ ಹಾಯಿಸಿ ಇದನ್ನು ಅಳೆದಿದ್ದಾರೆ.

ಭಾನುವಾರ ಬಿಡುವಾದಾಗ ಒಂದು ಕೆಲಸ ಮಾಡು. ಮೊಬೈಲನ್ನು ನೆಲದ ಮೇಲೆ ಅಂಗಾತ ಇಟ್ಟು, ಸ್ಲೋ ಮೋಷನ್‌ನಲ್ಲಿ ಫ್ಯಾನು ಆರಿಸುವುದರಿಂದ ನಿಲ್ಲುವವರೆಗೂ ವಿಡಿಯೋ ತೆಗೆ. ಪ್ರತಿ ಸುತ್ತಿಗೆ ಎಷ್ಟು ಸಮಯ ಹಿಡಿಯಿತು ಬರೆದುಕೊಂಡು ಗ್ರಾಫ್ ಹಾಕು: ಅಡ್ಡಕ್ಕೆ ಆರಿಸಿದಾಗಿನಿಂದ ಕಳೆದ ಸಮಯ, ಉದ್ದಕ್ಕೆ ಒಂದು ಸುತ್ತಿನ ಸಮಯ. ಗಾಳಿಯ ಕೈ ಮೇಲಾಗಿರುವಷ್ಟು ಹೊತ್ತು ಗೆರೆ ಹೆಚ್ಚುಕಡಿಮೆ ನೇರ ಬರುತ್ತದೆ. ಅದು ಮೇಲಕ್ಕೆ ಬಾಗಲು ಶುರುವಾದ ಜಾಗ ಗುರುತು ಮಾಡು, ಬೇರಿಂಗಿನ ಕೆಲಸ ಕಾಣಿಸುವುದು ಅಲ್ಲಿಂದ. ಇಲ್ಲಿ ನಡುಮನೆ ಫ್ಯಾನಿನದು ನಾನೂ ಹಾಕುತ್ತೇನೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಅಮ್ಮ ಚಕ್ಕುಲಿ ಕಳಿಸಿದ್ದಾಳೆ, ರೂಮಿನವರಿಗೂ ಕೊಡು.

ನಿನ್ನ
ಅಪ್ಪ