ಮಾತ್ರೆಗಳ ಚೀಲ ತಂದ ಅಮ್ಮನಿಗೆ

ಪಕ್ಕದ ಮನೆಯ ಅಜ್ಜಿಯನ್ನು ಮೆಡಿಸಿನ್ ಒಪಿಡಿಗೆ ಕರೆತಂದು, ಹೆಸರು ಹೇಳದೆ ಹೊರಟುಹೋದ ಅಮ್ಮಾ, ನಿಮಗೆ ನಮ್ಮ ವಿಭಾಗದವರೆಲ್ಲರ ಮನಸಾರೆ ಧನ್ಯವಾದ. ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ, ಖಾಲಿ ಸ್ಟ್ರಿಪ್ ಸಮೇತ, ಒಂದೇ ಚೀಲದಲ್ಲಿ ತಂದಿರಿ. ಬಿಪಿಗೆ ಟೆಲ್ಮಿಸಾರ್ಟನ್, ಅದರ ಜೊತೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್ ಯಾವ ಚೀಟಿಯಲ್ಲೂ ಇರಲಿಲ್ಲ, ನಿಮ್ಮ ಚೀಲದಲ್ಲಿತ್ತು. ಈ ಮೂರೂ ಕೂಡಿದರೆ, ಅದರಲ್ಲೂ ವಾಂತಿಭೇದಿಯಾಗಿ ಮೈಯ ನೀರು ಇಳಿದಾಗ, ಕಿಡ್ನಿಯ ಸೋಸುವ ಶಕ್ತಿ ಕುಸಿಯಬಹುದು. ಆಗ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಕ್ರಿಯಾಟಿನಿನ್, ರಕ್ತದಲ್ಲಿ ಏರುತ್ತದೆ, ಪೊಟ್ಯಾಸಿಯಂ ಕೂಡ ಏರಬಹುದು. ಹೊರಗೆ ಕಾಣುವುದು ಎಷ್ಟೋ ಸಲ ಬರೀ ಸುಸ್ತು. ಅಜ್ಜಿಯ ನೋವಿನ ಮಾತ್ರೆ ನಿಲ್ಲಿಸಿದ್ದೇವೆ, ಕ್ರಿಯಾಟಿನಿನ್ ಇಳಿಯುತ್ತಿದೆ.

ಸಕ್ಕರೆ, ಬಿಪಿ, ಥೈರಾಯ್ಡ್‌ಗೆ ಬೇರೆ ಬೇರೆ ಕಡೆ ತೋರಿಸಿಕೊಂಡವರ ಔಷಧಗಳನ್ನು ಒಟ್ಟಿಗಿಟ್ಟು ತಾಳೆ ನೋಡುವುದೇ ಫಿಜಿಷಿಯನ್, ಅಂದರೆ ಮೆಡಿಸಿನ್ ವಿಭಾಗದ ಡಾಕ್ಟರ್, ಕೆಲಸದ ತಿರುಳು. ಮೂರು ದಿನ ದಾಟಿದ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಕಾಲಿನ ಬಾವು ಇರುವ ದೊಡ್ಡವರೆಲ್ಲ ಒಮ್ಮೆ ಬಂದು ತೋರಿಸಬೇಕು. ಬರುವ ಮುಂಚೆ ಬಿಪಿ ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಎದೆನೋವು ಬಂದರೆ, ಮುಖ ಸೊಟ್ಟಗಾದರೆ ಒಪಿಡಿ ಸಾಲು ಬೇಡ, ನೇರ ಎಮರ್ಜೆನ್ಸಿಗೆ ಹೋಗಿ.