ಎಚ್ಚರ ಆಗದಿದ್ದರೆ ಅಂತ ಬರೆದಿದ್ದೀಯಲ್ಲ

ಚಿ. ಸೌ. ಕೂಸಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ಅವತ್ತೇ ಉತ್ತರ ಬರೆಯಲು ಕೂತೆ, ಆಗಲಿಲ್ಲ. ನಿನ್ನೆಯೂ ಕೂತೆ. ತೊಟ್ಟಿಲು ಎಲ್ಲಿ ಇಡುವುದು, ಬಟ್ಟೆ ಎಷ್ಟು ಬೇಕು, ಕೋಣೆಗೆ ಬಣ್ಣ ಬಳಿಸಬಹುದಾ ಅಂತೆಲ್ಲ ಕೇಳಿದ್ದೀಯ. ಅದಕ್ಕೆಲ್ಲ ಏನಾದರೂ ಹೇಳಬಹುದು. ಆದರೆ ಎರಡನೇ ಹಾಳೆಯ ಕೊನೆಗೆ, ಜಾಗ ಸಾಲದೆ ಅಂಚಿನಲ್ಲಿ ಒತ್ತಿ ಬರೆದಿದ್ದೀಯಲ್ಲ, 'ರಾತ್ರಿ ಮಗು ಅತ್ತು ನನಗೆ ಎಚ್ಚರ ಆಗದಿದ್ದರೆ ದೊಡ್ಡಮ್ಮಾ? ನಾನೂ ಅಮ್ಮನ ಹಾಗೆ ಮಲಗಿಬಿಟ್ಟರೆ?' ಅಂತ. ಅದನ್ನು ಓದಿದ ಮೇಲೆ ನನಗೆ ಯಾವ ಕೆಲಸಕ್ಕೂ ಕೈ ಹತ್ತಿಲ್ಲ. ಫೋನಿನಲ್ಲಿ ಇದನ್ನು ಕೇಳಲು ನಿನಗೆ ಆಗಿರಲಿಕ್ಕಿಲ್ಲ. ಹೇಳಲು ನನಗೂ ಆಗುವುದಿಲ್ಲ.

'ಅಮ್ಮನ ಹಾಗೆ' ಅನ್ನುವ ಮಾತು ನಿನಗೆ ಎಲ್ಲಿಂದ ಬಂತು ಅಂತ ಗೊತ್ತು. ಹಬ್ಬಕ್ಕೆ ಎಲ್ಲರೂ ಸೇರಿದಾಗ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಹೇಳುವ ಕಥೆ. ರಾತ್ರಿ ನೀನು ಅತ್ತಾಗ ಮಗ್ಗುಲಲ್ಲಿದ್ದ ನಿನ್ನಮ್ಮನಿಗೆ ಎಚ್ಚರ ಆಗಲಿಲ್ಲ, ಆಚೆ ಕೋಣೆಯಲ್ಲಿದ್ದ ನಾನು ಎಚ್ಚರಾಗಿ ಓಡಿ ಬಂದೆ ಅಂತ. ಪೂರ್ತಿ ಬರೆಯುವುದಿಲ್ಲ, ನಿನಗೆ ಅದು ಬಾಯಿಪಾಠ. ನಿನ್ನಮ್ಮನ ಬಾಣಂತನ ತವರಲ್ಲಾಗದೆ ನಮ್ಮಲ್ಲೇ ಯಾಕಾಯಿತು ಎಂಬುದೂ ನಿನಗೆ ಗೊತ್ತಿರುವುದೇ. ಆ ಕಥೆಯ ಕೊನೆಗೆ ನಾನಾಡಿದ ಮಾತೊಂದು ಬರುತ್ತದಲ್ಲ, 'ಹೆತ್ತವಳಿಗೆ ಇಷ್ಟು ನಿದ್ದೆಯಾ' ಅಂತ. ಅಲ್ಲಿಗೆ ಎಲ್ಲರೂ ನಗುತ್ತಾರೆ. ನಿನ್ನಮ್ಮನೂ ನಗುತ್ತಾಳೆ. ನೀನು ಚಿಕ್ಕವಳಿದ್ದಾಗ ನಗುತ್ತಿದ್ದೆ. ಈಗ ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ಆ ಮಾತನ್ನೇ ನೆನೆಯುತ್ತಿದ್ದೀಯ.

ಮೊದಲು ನಿನಗೆ ಕೆಲಸಕ್ಕೆ ಬರುವುದನ್ನು ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಹುಟ್ಟಿದ ಮಗು ಹಸಿದ ಕೂಡಲೇ ಅಳುವುದಿಲ್ಲ. ಮೊದಲು ಬಾಯಿ ಚಪ್ಪರಿಸುತ್ತದೆ. ತಲೆ ಅತ್ತಿತ್ತ ಹೊರಳಿಸಿ ಹುಡುಕುತ್ತದೆ. ಮುಷ್ಟಿ ಬಾಯಿಗೆ ಒಯ್ಯುತ್ತದೆ. ಇಷ್ಟಾದರೂ ಯಾರೂ ನೋಡದಿದ್ದರೆ ಆಮೇಲೆ ಅಳು. ದಿನಕ್ಕೆ 8ರಿಂದ 12 ಸಲ ಹಾಲು ಬೇಕು ಅನ್ನುತ್ತಾರೆ ಡಾಕ್ಟರುಗಳು. ಮೊದಮೊದಲು ಮಗುವೇ ಮೈಮರೆತು ಮಲಗಿದ್ದರೂ ಮೂರು ನಾಲ್ಕು ಗಂಟೆಗಿಂತ ಜಾಸ್ತಿ ಬಿಡದೆ ಎಬ್ಬಿಸಿ ಕುಡಿಸಬೇಕಂತೆ. ಹಾಗಂದ ಮೇಲೆ ಅಲಾರಂ ಇಟ್ಟುಕೋ. ಅದರಲ್ಲಿ ನಾಚಿಕೆ ಏನು? ನಿನ್ನ ಕಿವಿಯನ್ನೇ ನಂಬಿ ಕೂರಬೇಕು ಅಂತ ಯಾರು ಹೇಳಿದರು?

ಬಹುಶಃ ನಾನೇ ಹೇಳಿದ್ದು.

ಆ ಕಥೆಯಲ್ಲಿ ಒಂದು ಸುಳ್ಳು ಸೇರಿಕೊಂಡಿದೆ ಕೂಸೇ. ಸೇರಿಸಿದ್ದು ನಾನಲ್ಲ, ಆದರೆ ಅದನ್ನು ತೆಗೆಯಲೂ ಇಲ್ಲ. ಅದು 1994ರ ನವೆಂಬರ್. ಅಡಿಕೆಯ ಕೊನೆಕೊಯ್ಲು ಜೋರಾಗಿತ್ತು. ಊಟ ಮುಗಿಸಿ ಜಗಲಿಯಲ್ಲಿ ಮೆಟ್ಟುಗತ್ತಿ ಸಾಲಾಗಿ ಇಟ್ಟುಕೊಂಡು ಎಲ್ಲರೂ ಅಡಿಕೆ ಸುಲಿಯಲು ಕೂರುತ್ತಿದ್ದೆವು. ಹನ್ನೆರಡರ ಹೊತ್ತಿಗೆ ಒಬ್ಬೊಬ್ಬರೇ ಎದ್ದು ಹೋದರು. ಇದೊಂದು ಬುಟ್ಟಿ ಮುಗಿಸಿ ಮಲಗೋಣ ಅಂತ ನಾನು ಉಳಿದೆ. ಆಗ ನಿನ್ನ ಅಳು ಕೇಳಿತು. ಸ್ವಲ್ಪ ಕಾದೆ, ನಿಲ್ಲಲಿಲ್ಲ. ಎದ್ದು ಹೋಗಿ ಎತ್ತಿಕೊಂಡೆ. ಅಷ್ಟೇ. ನಿದ್ದೆಯಿಂದ ಎಚ್ಚರಾಗಿ ಓಡಿ ಬಂದವಳಲ್ಲ ನಾನು. ನಾನು ಮಲಗಿಯೇ ಇರಲಿಲ್ಲ.

ಬೆಳಿಗ್ಗೆ ಅತ್ತೆಯವರು, 'ಆಚೆ ಕೋಣೆಯಲ್ಲಿದ್ದ ದೊಡ್ಡವಳಿಗೆ ಎಚ್ಚರ ಆಯಿತು, ಮಗ್ಗುಲಲ್ಲಿದ್ದ ಹೆತ್ತವಳಿಗೆ ಆಗಲಿಲ್ಲ' ಅಂದರು. ನಾನು ಸುಮ್ಮನಿದ್ದೆ. ಹೊಗಳಿಕೆ ಅಲ್ವಾ, ಅಲ್ಲ ಅನ್ನಲು ಮನಸ್ಸು ಬರಲಿಲ್ಲ. ಆ ಮನೆಯಲ್ಲಿ ನನ್ನನ್ನು ಹೊಗಳುತ್ತಿದ್ದದ್ದೇ ಕಡಿಮೆ. ಸುಮ್ಮನಿದ್ದು ಸಾಲದೆ, ಕಷಾಯ ಕೊಡಲು ಹೋದವಳು ನಿನ್ನಮ್ಮನಿಗೆ 'ಹೆತ್ತವಳಿಗೆ ಇಷ್ಟು ನಿದ್ದೆಯಾ' ಅಂತ ಆಡಿ ಬಂದೆ. ಹೆರಿಗೆ ಆಗಿ ಹನ್ನೊಂದು ದಿನ ಆಗಿತ್ತು ಅವಳಿಗೆ. ಆ ಹನ್ನೊಂದು ದಿನವೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಒಂದು ರಾತ್ರಿ ಕಣ್ಣು ಹತ್ತಿತ್ತು.

ಇನ್ನೊಂದಿದೆ. ಅದು ನನ್ನ ದೊಡ್ಡವನ ಬಾಣಂತನದ್ದು, 1986. ನನ್ನ ತವರಲ್ಲಿ ಬಾಣಂತಿ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದಕ್ಕೂ ಗೋಣಿ ತೂಗುಹಾಕಿದ್ದರು, ಗಾಳಿ ಸೋಕಬಾರದು ಅಂತ. ಮಂಚದ ಕೆಳಗೆ ಅಗ್ಗಿಷ್ಟಿಕೆ, ಅದರ ತುಂಬ ಕೆಂಡ. ಒಂದು ಸಂಜೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಮಲಗಿದೆ. ಅಮ್ಮ ಬಾಗಿಲು ತೆರೆದು ಕೂಗಿದಳಂತೆ, ನಾನು ಏಳಲಿಲ್ಲ. ಕೂಸು ಅಳುತ್ತಲೂ ಇರಲಿಲ್ಲ, ಬಾಡಿದ ಸೊಪ್ಪಿನ ಹಾಗೆ ಬಿದ್ದಿತ್ತು. ಅಂಗಳಕ್ಕೆ ಎತ್ತಿಕೊಂಡು ಬಂದು ಗಾಳಿಗೆ ಹಿಡಿದ ಮೇಲೆ ಅತ್ತನಂತೆ. ದೃಷ್ಟಿ ಆಗಿದೆ ಅಂತ ನಿವಾಳಿಸಿದರು. ಎಷ್ಟೋ ವರ್ಷ ಆದ ಮೇಲೆ ಅದೇ ಮಗ ನನಗೆ ಹೇಳಿದ, ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ಗಾಳಿ ತುಂಬುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ, ಮಲಗಿದವರು ಮಲಗಿದಲ್ಲೇ ಹೋಗಿಬಿಡುತ್ತಾರೆ ಅಂತ.

ಅಂದರೆ ನನಗೇ ಎಚ್ಚರ ಆಗಿರಲಿಲ್ಲ. ನನ್ನನ್ನು ಯಾರೋ ಬಂದು ಎಬ್ಬಿಸಿದ್ದರು. ಎಂಟು ವರ್ಷ ಕಳೆದ ಮೇಲೆ ಅದನ್ನೆಲ್ಲ ಮರೆತು ವಾರಗಿತ್ತಿಗೆ ಬುದ್ಧಿ ಹೇಳಲು ಹೋದೆ ನೋಡು.

ಕೆಂಡದ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನಿನ್ನಮ್ಮ ಬಂದಾಗ ಸ್ನಾನ ಆದ ಮಗುವಿಗೆ ಧೂಪ ಹಿಡಿಯಬೇಕು, ಲೋಬಾನ ಹಾಕಬೇಕು ಅಂದೇ ಅನ್ನುತ್ತಾಳೆ. ನಿಮ್ಮದು ಬಾಡಿಗೆ ಮನೆ, ಕಿಟಕಿ ಹಾಕಿದರೆ ಡಬ್ಬಿಯ ಹಾಗೆ. ಬೇಡ ಅನ್ನು. ನಾನು ಹೇಳಿದೆ ಅಂತಲೇ ಹೇಳು. ಸೊಳ್ಳೆಬತ್ತಿಯೂ ಬೇಡ, ಪರದೆ ಕಟ್ಟು. ಬಣ್ಣ ಬಳಿಸುವುದಿದ್ದರೆ ಈ ವಾರವೇ ಬಳಿಸಿ ಕಿಟಕಿ ತೆರೆದಿಡಿ, ನೀನು ಅಲ್ಲಿರಬೇಡ. ಆ ಕೋಣೆಗೆ ಬೆಳಕು ಬರುತ್ತದೆ ಅಂತ ಬರೆದಿದ್ದೀಯ, ಅದೇ ದೊಡ್ಡದು. ನಮ್ಮ ಕತ್ತಲೆ ಕೋಣೆಗಳಲ್ಲಿ ಮಗುವಿಗೆ ಕಾಮಾಲೆ ಬಂದರೂ ಕಾಣುತ್ತಿರಲಿಲ್ಲ. ಎರಡು ಮೂರನೇ ದಿನ ಮೈ ಸ್ವಲ್ಪ ಹಳದಿ ಆಗುವುದು ಬಹಳ ಮಕ್ಕಳಿಗೆ ಇರುತ್ತದೆ, ಡಾಕ್ಟರಿಗೆ ತೋರಿಸಿದರೆ ಸಾಕು. ಹುಟ್ಟಿದ ದಿನವೇ ಹಳದಿ ಕಂಡರೆ, ಅಥವಾ ಅಂಗೈ ಅಂಗಾಲಿನವರೆಗೆ ಹಳದಿ ಇಳಿದರೆ ಕಾಯಬೇಡ, ಆಸ್ಪತ್ರೆಗೆ ಓಡು. ಜೇನು ನೆಕ್ಕಿಸುವುದು ಒಂದು ವರ್ಷದವರೆಗೆ ಇಲ್ಲವೇ ಇಲ್ಲ. ಹೊಕ್ಕುಳಿಗೆ ಏನೂ ಹಚ್ಚಬೇಡ, ಒಣಗಿರಲಿ. ಇದನ್ನೆಲ್ಲ ನಾನು ನಿನಗೆ ಹೇಳುವುದು ನಗು ಬರುವ ವಿಷಯ. ಜೇನು, ಬಜೆ, ಕಾಡಿಗೆ ಎಲ್ಲ ಹಾಕಿ ಸಾಕಿದವಳೇ ನಾನು.

ನಾನು ಆ ಮಾತು ಆಡಿದ ಮೇಲೆ ನಿನ್ನಮ್ಮ ಮಲಗಲಿಲ್ಲ. ಇದು ಆ ಕಥೆಯಲ್ಲಿ ಬರುವುದಿಲ್ಲ, ಯಾರೂ ಹೇಳುವುದಿಲ್ಲ. ಗೋಡೆಗೆ ಒರಗಿ ಕೂತು, ಚಿಮಣಿ ಬುಡ್ಡಿ ಹತ್ತಿರ ಇಟ್ಟುಕೊಂಡು, ನಿನ್ನ ಹೊಟ್ಟೆ ಮೇಲೆ ಕೆಳಗೆ ಆಗುವುದನ್ನೇ ನೋಡುತ್ತಿದ್ದಳು. ನೀನು ಗಾಢವಾಗಿ ಮಲಗಿದ್ದಾಗಲೂ. ಮಧ್ಯಾಹ್ನ ನಾನೇ 'ಕೊಡು, ಸ್ವಲ್ಪ ಮಲಗಿಕೋ' ಅಂದರೆ ಕೊಡುತ್ತಿರಲಿಲ್ಲ. ಅನ್ನ ಮುಂದಿಟ್ಟರೆ ಕಲಸುತ್ತ ಕೂರುತ್ತಿದ್ದಳು. ಗಾಳಿ ಸೋಕಿದೆ ಅಂದರು, ತಾಯತ ಕಟ್ಟಿಸಿದರು. ಎರಡು ತಿಂಗಳು ಹೀಗೇ. ತಾನಾಗಿ ಸರಿಹೋಯಿತು ಅಂದುಕೊಂಡೆವು. ಸರಿಹೋಯಿತೋ, ಸರಿಹೋದ ಹಾಗೆ ಇದ್ದಳೋ, ಕೇಳಿದವರು ಯಾರು?

ಮೊನ್ನೆ ನಮ್ಮೂರ ಆಶಾ ಕಾರ್ಯಕರ್ತೆ ಪಕ್ಕದ ಮನೆಗೆ ಬಂದಿದ್ದಳು. ಆಸ್ಪತ್ರೆಯಲ್ಲಿ ಹೆರಿಗೆ ಆದವರ ಮನೆಗೆ 3, 7, 14, 21, 28, 42ನೇ ದಿನ ಅಂತ ಆರು ಸಲ ಬಂದು ನೋಡುತ್ತಾರೆ. ಮಗುವನ್ನು ತಕ್ಕಡಿಗೆ ಹಾಕಿ ತೂಕ ಬರೆದುಕೊಂಡಳು. ಜ್ವರ ನೋಡಿದಳು. ಆಮೇಲೆ ತಾಯಿ ಕಡೆ ತಿರುಗಿ, 'ಮಗು ಮಲಗಿದಾಗ ನಿಮಗೆ ನಿದ್ದೆ ಬರುತ್ತದಾ?' ಅಂತ ಕೇಳಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಹೊರಗೆ ಬಂದಾಗ ಅವಳನ್ನು ಹಿಡಿದು ಕೇಳಿದೆ, ಅದನ್ನು ಯಾಕೆ ಕೇಳುವುದು ಅಂತ. ಮಗು ಮಲಗಿದ್ದರೂ ತಾಯಿಗೆ ನಿದ್ದೆ ಹತ್ತದಿದ್ದರೆ, ಏನೋ ಆಗಿಬಿಡುತ್ತದೆ ಎಂಬ ಹೆದರಿಕೆ ಬಿಡದೇ ಇದ್ದರೆ, ಎರಡು ವಾರ ಆದರೂ ಅಳು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಬೇಕು ಅಮ್ಮಾ ಅಂದಳು. ಎಷ್ಟು ಸಲೀಸಾಗಿ ಹೇಳಿದಳು! ಮನೆಗೆ ಬಂದು ಅಡಿಗೆ ಮನೆಯಲ್ಲಿ ಸುಮ್ನೆ ಕೂತೆ.

14416 ಅಂತ ಒಂದು ನಂಬರನ್ನೂ ಕೊಟ್ಟಳು. ಟೆಲಿ ಮಾನಸ್ ಅಂತೆ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡು 2009ರಿಂದಲೇ ಇದೆ ಅಂತ ಮಗ ಹೇಳಿದ. ನಿನಗೆ ಬೇಕಾಗುತ್ತದೆ ಅಂತಲ್ಲ, ತಪ್ಪು ತಿಳಿಯಬೇಡ. ಫ್ರಿಜ್ಜಿನ ಬಾಗಿಲಿಗೆ ಗ್ಯಾಸಿನವನ ನಂಬರ್ ಅಂಟಿಸುವುದಿಲ್ಲವಾ, ಅದರ ಪಕ್ಕದಲ್ಲಿ ಇದೂ ಇರಲಿ.

ಎಚ್ಚರ ಆಗದಿದ್ದರೆ ಅಂದೆಯಲ್ಲ. ನಮ್ಮ ಮನೆಯಲ್ಲಿ ಆಗ ಹನ್ನೊಂದು ಜನ. ಯಾರಾದರೊಬ್ಬರು ಎದ್ದೇ ಇರುತ್ತಿದ್ದರು, ಅಡಿಕೆಗೋ, ದನ ಕೂಗಿತು ಅಂತಲೋ, ಕೆಮ್ಮು ಬಂತು ಅಂತಲೋ. ಹೆತ್ತವಳೇ ಏಳಬೇಕು ಅಂತ ಮಾತಿಗೆ ಅನ್ನುತ್ತಿದ್ದೆವು, ಏಳುತ್ತಿದ್ದವರು ಎಲ್ಲರೂ. ನಿಮ್ಮಲ್ಲಿ ಇಬ್ಬರೇ. ಅದಕ್ಕೇ ಅಳಿಯಂದಿರಿಗೆ ಒಂದು ಪಾಳಿ ಕೊಡು. ಹಾಲು ಕುಡಿಸಲು ಅವರಿಂದ ಆಗದು, ಆದರೆ ಎದ್ದು, ಬಟ್ಟೆ ಬದಲಿಸಿ, ಮಗುವನ್ನು ತಂದು ನಿನ್ನ ಮಗ್ಗುಲಿಗೆ ಕೊಟ್ಟು, ತೇಗಿಸಿ ವಾಪಸ್ ಮಲಗಿಸಲು ಆಗುತ್ತದೆ. ಅವರಿಗೆ ನಿದ್ದೆ ತೆಳು ಅಂತ ನೀನೇ ಬರೆದಿದ್ದೀಯ. ಮತ್ತೆ ಯಾಕೆ ಹೆದರಿಕೆ? ಇದನ್ನು ದೊಡ್ಡಮ್ಮ ಹೇಳಬೇಕಾ ಅಂತ ಅಂದುಕೊಂಡಾರು. ಅಂದುಕೊಳ್ಳಲಿ.

ಮಲಗಿದ ಮಗುವಿನ ಮೇಲೆ ಕಣ್ಣಿಡುವ ಆ ಕ್ಯಾಮೆರಾ ಇರುವ ಯಂತ್ರ ಬೇಕಾದರೆ ತಗೋ, ಬೇಡ ಅನ್ನಲು ನಾನು ಯಾರು? ಆದರೆ ಅದು ಆಚೆ ಕೋಣೆಯಲ್ಲಿ ಮಲಗಿಸುವವರಿಗೆ. ಮಗು ನಿಮ್ಮ ಕೋಣೆಯಲ್ಲೇ ಇರಲಿ, ಕೈಗೆಟುಕುವಷ್ಟು ಹತ್ತಿರ, ಆದರೆ ಅದರದ್ದೇ ಹಾಸಿಗೆ. ಗಟ್ಟಿ ಹಾಸಿಗೆ, ಅಂಗಾತ ಮಲಗಿಸು. ಮಂಚದಲ್ಲಿ ನಿಮ್ಮಿಬ್ಬರ ನಡುವೆ ಬೇಡ. ಸಾಸಿವೆ ದಿಂಬು ಹೊಲಿದು ಕೊಡುತ್ತೇನೆ ಅಂತ ಹಿಂದೆ ಹೇಳಿದ್ದೆ. ಹೊಲಿದೂ ಆಯಿತು. ಆಮೇಲೆ ನಿಮ್ಮ ಡಾಕ್ಟರು ಮಗುವಿನ ಹತ್ತಿರ ದಿಂಬೇ ಇರಬಾರದು ಅಂದರು ಅಂತ ಬರೆದೆಯಲ್ಲ, ಬಿಚ್ಚಿ ಸಾಸಿವೆ ಒಗ್ಗರಣೆ ಡಬ್ಬಿಗೆ ಹಾಕಿದೆ. ಅಟ್ಟದ ಮೇಲಿನ ತೊಟ್ಟಿಲು ಕೇಳಿದ್ದೀಯ. ಅದಕ್ಕೆ ತೊಲೆ ಬೇಕು, ನಿಮ್ಮಲ್ಲಿ ಎಲ್ಲಿದೆ? ಹೆಸರಿಡುವ ದಿನ ಇಲ್ಲೇ ಕಟ್ಟೋಣ. ಸೀರೆ ಜೋಲಿ ಹಗಲು ಹೊತ್ತು, ಎದುರಿಗೆ ಯಾರಾದರೂ ಕೂತಿದ್ದರೆ ಮಾತ್ರ. ಅದರಲ್ಲಿ ಎಳೆ ಕುತ್ತಿಗೆ ಮಡಚಿಕೊಳ್ಳುತ್ತದೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ನಗಾಡುವವರು ನಗಾಡಲಿ. ನಮ್ಮಲ್ಲಿ ಆ ಗಾದೆಗೆ ಹೆದರಿ ಏನೂ ಮಾಡಿಟ್ಟುಕೊಳ್ಳದೆ, ನೀನು ಹುಟ್ಟಿದ ಮೇಲೆ ಪೆಟ್ಟಿಗೆ ತಡಕಾಡಿದ್ದು ನನಗೆ ನೆನಪಿದೆ. ನಿನ್ನಮ್ಮನ ಹಳೇ ಬಿಳಿ ಹತ್ತಿ ಸೀರೆಯೊಂದನ್ನು ಹರಿದು ಬಟ್ಟೆ ಮಾಡಿದೆವು. ಅದಕ್ಕೇ ಈ ಸಲ ನಾನು ಮೊದಲೇ ಕೂತೆ. ಕುಲಾವಿ ನಾಲ್ಕು, ಮೂವತ್ತು ಬಟ್ಟೆ, ಎಲ್ಲ ನನ್ನ ಹಳೇ ಸೀರೆಗಳದ್ದು. ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಒಣಗಿಸಿದ್ದೇನೆ. ನೀನು ಇನ್ನೊಂದು ಸಲ ಒಗೆದುಕೋ. ಶುಕ್ರವಾರದ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕುತ್ತೇನೆ.

ಎಲ್ಲದರ ಕೆಳಗೆ ಒಂದು ಬಿಳಿ ಬಟ್ಟೆ ಬೇರೆ ಮಡಚಿಟ್ಟಿದ್ದೇನೆ. ಅದು ಮಗುವಿಗಲ್ಲ. ಆ ರಾತ್ರಿ ನಿನ್ನನ್ನು ಸುತ್ತಿದ್ದದ್ದು. ನನ್ನ ಪೆಟ್ಟಿಗೆಯಲ್ಲೇ ಇತ್ತು ಇಷ್ಟು ವರ್ಷ. ಬಿಡಿಸಿದರೆ ಒಂದು ಮೂಲೆಯಲ್ಲಿ ಕಪ್ಪಗೆ ನಾಲ್ಕು ಬೆರಳಿನ ಗುರುತು ಕಾಣುತ್ತದೆ. ಅಡಿಕೆ ಕಲೆ, ಎಷ್ಟು ಒಗೆದರೂ ಹೋಗುವುದಿಲ್ಲ. ಸುಲಿಯುತ್ತಿದ್ದ ಕೈಯಲ್ಲೇ ನಿನ್ನನ್ನು ಎತ್ತಿಕೊಂಡಿದ್ದೆ. ನಿನ್ನಮ್ಮ ಬಂದಾಗ ಅವಳ ಕೈಗೆ ಕೊಡು. ಅವಳೂ ಅಡಿಕೆ ಸುಲಿದವಳೇ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಕಾಗದ ತೋರಿಸುವುದು ಬಿಡುವುದು ನಿನಗೆ ಬಿಟ್ಟದ್ದು.

ಇತಿ,
ನಿನ್ನ ದೊಡ್ಡಮ್ಮ