ಜೇಬು ಬರಿದಾಗಿದ್ದ ಆ ಗಳಿಗೆ

ಲಂಡನ್ನಿನ ಗ್ರೇಟ್ ಕ್ವೀನ್ ಸ್ಟ್ರೀಟಿನಲ್ಲಿ ಫ್ರೀಮೇಸನ್ನರು ಎಂಬ ಹಳೆಯ ಸೋದರಸಂಘದವರ ಭವ್ಯ ಸಭಾಭವನವಿದೆ. ಮೊದಲ ಮಹಾಯುದ್ಧದಲ್ಲಿ ಮಡಿದ ತಮ್ಮ ಮೂರು ಸಾವಿರಕ್ಕೂ ಹೆಚ್ಚು ಸದಸ್ಯರ ನೆನಪಿಗೆ ಕಟ್ಟಿಸಿ, 1933ರಲ್ಲಿ ತೆರೆದದ್ದು. ಅಲ್ಲಿನ ವಸ್ತುಸಂಗ್ರಹಾಲಯವನ್ನು ನೋಡಲು ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಮೂಲೆಮಟ್ಟ ಮತ್ತು ಕೈವಾರ. ನಮ್ಮೂರಿನ ಗಾರೆ ಕೆಲಸದವರ ಚೀಲ ನೆನಪಾಯಿತು. ಕಲ್ಲುಕುಟಿಗರ ಈ ಸಲಕರಣೆಗಳೇ ಅವರಿಗೆ ನಡತೆಯ ಪಾಠ: ಮೂಲೆಮಟ್ಟ ನೇರವಾದ ವ್ಯವಹಾರಕ್ಕೆ, ಕೈವಾರ ಆಸೆಗಳಿಗೆ ಗೆರೆ ಎಳೆದುಕೊಳ್ಳುವುದಕ್ಕೆ.

ಸೋದರಪ್ರೀತಿ, ನೆರವು, ಸತ್ಯ ಎಂಬ ಮೂರು ಅವರ ಮೂಲತತ್ವಗಳು. ಇವುಗಳಲ್ಲಿ ನೆರವಿನ ಪಾಠವನ್ನು ಕಲಿಸುವ ರೀತಿ ನನ್ನನ್ನು ಬಹಳ ತಟ್ಟಿತು. ಹೊಸಬನನ್ನು ಒಳಗೆ ಕರೆಯುವ ಮೊದಲು ಅವನ ಬಳಿಯ ಹಣ, ಉಂಗುರ, ಕೈಗಡಿಯಾರವನ್ನೆಲ್ಲ ತೆಗೆದಿಡಿಸುತ್ತಾರೆ. ವಿಧಿಯ ನಡುವೆ, ಬಡವರಿಗಾಗಿ ಏನಾದರೂ ಕೊಡು ಎಂದು ಕೇಳುತ್ತಾರೆ. ಕೊಡಲು ಮನಸ್ಸಿದ್ದರೂ ಅವನ ಬಳಿ ಚಿಕ್ಕಾಸೂ ಇರುವುದಿಲ್ಲ. ಮುಂದೆ ಕಷ್ಟದಲ್ಲಿರುವ ಸೋದರನನ್ನು ಕಂಡಾಗ ಈ ಗಳಿಗೆಯನ್ನು ನೆನಪಿಸಿಕೋ ಎನ್ನುತ್ತಾರೆ. ಎಷ್ಟು ಉಪದೇಶ ಕೇಳಿದರೂ ನಾಟದ ಮಾತು ಹೀಗೆ ನಾಟೀತು.

ಇಲ್ಲಿ ಸೇರುವವನು ಪರಮಾತ್ಮನನ್ನು ನಂಬಬೇಕು. ಯಾವ ಮತದವನೆಂಬ ಕಟ್ಟಳೆಯಿಲ್ಲ. ಅವನವನ ಧರ್ಮಗ್ರಂಥದ ಮೇಲೆಯೇ ಪ್ರಮಾಣ. ಸಭೆಯಲ್ಲಿ ಮತದ ಜಗಳ, ರಾಜಕೀಯ ಎರಡೂ ನಿಷಿದ್ಧ. 1723ರಲ್ಲಿ ಅಚ್ಚಾದ ಅವರ ನಿಯಮಾವಳಿಯಲ್ಲೇ ಈ ಔದಾರ್ಯದ ಬೀಜವಿದೆ. ಆದರೆ ಬರೆದದ್ದನ್ನು ಬಾಳುವುದು ಸುಲಭವಾಗಲಿಲ್ಲ. ಕಲ್ಕತ್ತೆಯ ವರ್ತಕ ಪ್ರಸನ್ನಕುಮಾರ ದತ್ತ 1863ರಲ್ಲಿ ಸದಸ್ಯತ್ವ ಕೋರಿದಾಗ ಹಿಂದೂವನ್ನು ಸೇರಿಸಿಕೊಳ್ಳಬಹುದೇ ಎಂಬ ತಕರಾರು ಎದ್ದಿತು. ಹಲವು ದೇವರುಗಳನ್ನು ಪೂಜಿಸುವವನು ಒಬ್ಬ ಪರಮಾತ್ಮನನ್ನು ನಂಬುತ್ತಾನೆಯೇ ಎಂದರು. ದತ್ತರು ಪಟ್ಟು ಬಿಡಲಿಲ್ಲ. ಬಾಗಿಲು ತೆರೆದದ್ದು 1872ರಲ್ಲಿ. ಹೆಂಗಸರಿಗೆ ಆ ಬಾಗಿಲು ಇಂದಿಗೂ ತೆರೆದಿಲ್ಲ. ಅವರಿಗೆ ಬೇರೆಯೇ ಸಂಸ್ಥೆಗಳಿವೆ. ಸೋದರತ್ವದ ಮಾತಾಡುವವರಲ್ಲಿ ಇದು ನನಗೆ ನೋವಿನ ಸಂಗತಿ.

ದತ್ತರ ಕತೆ ಓದಿದ ರಾತ್ರಿ ನಮ್ಮ ಸಂಘದ ಯುಗಾದಿ ಸಂಭ್ರಮ ಕಣ್ಣ ಮುಂದೆ ಬಂತು. ಸಭಾಂಗಣದ ಬಾಗಿಲಲ್ಲಿ ಇಬ್ಬರು ವಿದ್ಯಾರ್ಥಿಗಳು ಟಿಕೆಟ್ಟಿನ ದರ ಕೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂದಿರುಗಿದರು. ಒಳಗಿನಿಂದ ಒಬ್ಬಟ್ಟಿನ ಘಮ ಬರುತ್ತಿತ್ತು. ನಾನು ನೋಡಿಯೂ ಕರೆಯಲಿಲ್ಲ. ದೀಪಾವಳಿಗೆ ವಿದ್ಯಾರ್ಥಿಗಳಿಂದ ಹಣ ಪಡೆಯಬಾರದೆಂದು ಸಮಿತಿಗೆ ಪತ್ರ ಬರೆದಿದ್ದೇನೆ. ಅವರಿಬ್ಬರ ಪರಿಚಯ ಯಾರಿಗಾದರೂ ಇದ್ದರೆ, ಆ ದಿನ ತಪ್ಪದೆ ಕರೆತನ್ನಿ.